ಬೆನ್ನ ಮೇಲಿನ ಸುಟ್ಟ ಕಲೆ

೧೮ ನವೆಂಬರ್ ೨೦೨೪, ಸೋಮವಾರ — ಬೆಳಿಗ್ಗೆ ೫:೫೦

ಮನೆಯವರ ಬೆನ್ನಿಗೆ ಎಣ್ಣೆ ತಿಕ್ಕಿ ಆಯಿತು. ಇವತ್ತು ಟೇಪು ಹಿಡಿದು ಕಲೆ ಅಳೆದೆ. ಕುತ್ತಿಗೆಯ ಹಿಂಭಾಗದಿಂದ ಎಡ ಹೆಗಲ ಮೂಳೆಯವರೆಗೆ ಹತ್ತೊಂಬತ್ತು ಸೆಂ.ಮೀ. ಅಗಲ, ಹೆಚ್ಚು ಇರುವಲ್ಲಿ, ಹನ್ನೊಂದು. ಬಲಗೈ ಹಿಂಬದಿ ಒಂಬತ್ತು. ತೋರುಬೆರಳು, ನಡುಬೆರಳು ಮುಷ್ಟಿ ಕಟ್ಟಿದರೆ ಅರ್ಧಕ್ಕೇ ನಿಲ್ಲುತ್ತವೆ. ಚಳಿಗೆ ಇನ್ನೂ ಬಿಗಿ. ಅಂಗವೈಕಲ್ಯ ಪೆನ್ಶನ್ ಕೇಸಿಗೆ ಬೆಂಗಳೂರಿನ ವಕೀಲರು ಪದ್ಮಾವತಿ ಮೇಡಂ ಅಳತೆಯ ಜೊತೆ ಫೋಟೋನೂ ಕೇಳಿದ್ದಾರೆ.

"ಕೈದು ಸಾಕು," ಅಂದರು ಇವರು. "ಬೆನ್ನು ಬ್ಯಾಡ."

"ಬೆನ್ನಿನ ಮ್ಯಾಲೇ ಹೆಚ್ಚು ಐತೆಲ್ರೀ."

"ಬ್ಯಾಡ ಅಂದ್ನೆಲ್ಲ."

ಅಂಗಿ ಹಾಕಿಕೊಳ್ಳಲು ಆ ಕಡೆ ತಿರುಗಿದಾಗ ಒಂದು ತೆಗೆದುಬಿಟ್ಟೆ. ಸ್ವಲ್ಪ ಮಸುಕು. ನಡೆಯುತ್ತದೆ.

ಡ್ಯೂಟಿಗೆ ೭:೧೦ರ ಸಿಂಧನೂರು ಬಸ್ಸು. ಅತ್ತೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಏಳಬೇಕು.

೨೦ ನವೆಂಬರ್ — ಮಧ್ಯಾಹ್ನ ೧:೪೦, ಆಸ್ಪತ್ರೆ, ಸಿಸ್ಟರ್ಸ್ ರೂಮು

ಕೇಸಿಗೆ ಸೇನೆಯವರ ಉತ್ತರ ಬಂತು. ವಾಟ್ಸಾಪಿನಲ್ಲಿ ನಲವತ್ತೊಂದು ಪುಟ. "ಅರ್ಜಿದಾರ: ಮಾಜಿ ನಾಯಕ್ ಮಲ್ಲೇಶ, ಮಸ್ಕಿ." ಮನೆಯವರ ಹೆಸರು ಸೇನೆಯ ದರ್ಜೆ ಸಮೇತ ಕೋರ್ಟಿನ ಕಾಗದದಲ್ಲಿ ಓದುವಾಗ ಬೇರೆ ಯಾರದೋ ಅನ್ನಿಸುತ್ತದೆ.

ಮೊದಲ ಪುಟಗಳಲ್ಲಿ ಗೊತ್ತಿದ್ದ ಸಂಗತಿಯೇ. ಜನವರಿ ೨೦೧೭, ಹಿಮದ ಪೋಸ್ಟು. ಬಂಕರು ಬೆಚ್ಚಗಿಡುವ ಬುಖಾರಿ ಒಲೆಯಿಂದ ಸುಟ್ಟ ಗಾಯ. ಅಂಗವೈಕಲ್ಯ ಮೂವತ್ತು ಪರ್ಸೆಂಟ್ — ಅದನ್ನು ಒಪ್ಪುತ್ತಾರೆ. ಆದರೆ "ಸೇವೆಯ ಕಾರಣದಿಂದ ಆದದ್ದಲ್ಲ." ೨೦೨೨ರಲ್ಲಿ ರಿಟೈರ್ ಆದಾಗಲೂ ಇದೇ ಸಾಲು. ಮೊದಲ ಅಪೀಲಿಗೆ ಇದೇ. ಎರಡನೆಯದಕ್ಕೂ ಇದೇ. ಯಾಕೆ ಅಂತ ಬಿಡಿಸಿ ಹೇಳಿದವರಿಲ್ಲ.

ಯಾಕೆ ಅನ್ನುವುದು ಪುಟ ಇಪ್ಪತ್ಮೂರರಲ್ಲಿದೆ. ಆಗ ಸೇನೆಯೊಳಗೆ ಆದ ವಿಚಾರಣೆಯಲ್ಲಿ ಇವರೇ ಕೊಟ್ಟ ಹೇಳಿಕೆ. ಬುಖಾರಿ ಹೊತ್ತಲಿಲ್ಲ, ಜನರೇಟರಿನ ಪೆಟ್ರೋಲು ನಾನೇ ಸುರಿದೆ, ತಪ್ಪು ನನ್ನದು. ಕೆಳಗೆ ಸಹಿ ಇಲ್ಲ. ಎಡಗೈ ಹೆಬ್ಬೆಟ್ಟು. ಬಲಗೈ ಆಗ ಬ್ಯಾಂಡೇಜಿನಲ್ಲಿತ್ತಲ್ಲ.

ನನಗೆ ಹೇಳಿದ್ದು — ಬುಖಾರಿ ತಾನಾಗಿಯೇ ಸಿಡಿಯಿತು ಅಂತ. ಎಂಟು ವರ್ಷ ಅದನ್ನೇ ನಂಬಿಕೊಂಡು ಬಂದೆ.

ಬೆಲ್ ಬಾರಿಸುತ್ತಿದ್ದಾರೆ. ಮೂರನೇ ಬೆಡ್ಡು.

೨೧ ನವೆಂಬರ್

ಕೇಳಿದೆ. ಮೊಬೈಲು ಮುಂದೆ ಹಿಡಿದು ಕೇಳಿದೆ.

"ಹೌದು, ನಾನೇ ಸುರುವಿದ್ದು," ಅಂದರು. ನನ್ನ ಮುಖ ನೋಡಲಿಲ್ಲ.

"ಮತ್ತ ನನಗ ಸುಳ್ಳು ಯಾಕ ಹೇಳಿದ್ರಿ?"

"ಹೆಂಡ್ತಿ ಮುಂದ ದಡ್ಡ ಅನ್ನಿಸಿಗೋಬಾರದು ಅಂತ."

ನಕ್ಕರು. ನನಗೆ ನಗು ಬರಲಿಲ್ಲ. ಇವರು ಅಷ್ಟು ಸುಲಭಕ್ಕೆ ತಪ್ಪು ಒಪ್ಪುವ ಮನುಷ್ಯರಲ್ಲ. ಸಾರಿಗೆ ಉಪ್ಪು ಹೆಚ್ಚು ಹಾಕಿದ್ದನ್ನೂ ಒಪ್ಪುವುದಿಲ್ಲ.

ಪದ್ಮಾವತಿ ಮೇಡಂಗೆ ಫೋನು. "ಇದು ಇವರದ್ದೇ ಹೇಳಿಕೆ ಆದ್ರೆ ತುಂಬ ಕಷ್ಟ ಆಗುತ್ತೆ ದೀಪಾ. ಸ್ವಂತ ತಪ್ಪಿಂದ ಆದ ಗಾಯ ಅಂತ ಅವರು ವಾದಿಸ್ತಾರೆ. ಜನವರಿ ಇಪ್ಪತ್ತೆರಡಕ್ಕೆ ಹಿಯರಿಂಗ್. ಅಷ್ಟರೊಳಗೆ ಏನಾದ್ರೂ ಸಿಗಬೇಕು."

೨೬ ನವೆಂಬರ್, ಮಂಗಳವಾರ — ಸಂಜೆ, ಬಸ್ಸಿನಲ್ಲಿ

ಬಸ್ಸು ಕುಣಿದು ಅಕ್ಷರ ಸೊಟ್ಟ. ಆದರೂ ಬರೆದಿಡಬೇಕು.

ಸಾಲಗುಂದದ ರಾಜಾಬೀ. ಮೊನ್ನೆ ಅಡ್ಮಿಟ್ ಆದವಳು. ಸ್ಟೋವಿಗೆ ಪಂಪು ಹೊಡೆಯುವಾಗ ಭುಗ್ಗೆಂದು ಎದ್ದ ಉರಿ. ಇವತ್ತು ಡ್ರೆಸ್ಸಿಂಗ್ ನನ್ನದು. ಗದ್ದ, ಗಂಟಲು, ಎದೆಯ ಮೇಲ್ಭಾಗ, ಎರಡೂ ಅಂಗೈ, ಹುಬ್ಬು. ಬೆನ್ನು ಮಾತ್ರ ಮಗುವಿನ ಬೆನ್ನಿನಂತೆ ನುಣ್ಣಗೆ. ಹತ್ತಿ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು.

"ಯಾಕ್ರೀ ಸಿಸ್ಟರ್, ಕೀವಾಗೇತೇನು?" ಅಂತ ಹೆದರಿ ಕೇಳಿದಳು ಪಾಪ.

"ಇಲ್ಲವ್ವ. ಚಲೋ ಐತಿ," ಅಂದೆ.

ಸುರಿಯುವವನ ಮುಖ ಸುಡಬೇಕು. ಇವರ ಮುಖದಲ್ಲಿ ಒಂದು ಚುಕ್ಕೆ ಇಲ್ಲ. ಎದೆ ಸ್ವಚ್ಛ. ಅಂಗೈ ಸ್ವಚ್ಛ. ಸುಟ್ಟದ್ದೆಲ್ಲ ಹಿಂದೆ — ಕುತ್ತಿಗೆ, ಹೆಗಲು, ಮುಂಗೈಯ ಮೇಲ್ಭಾಗ. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಎಷ್ಟು ಸುಟ್ಟ ಗಾಯ ತೊಳೆದಿದ್ದೇನೆ. ಮನೆಯಲ್ಲಿದ್ದದ್ದನ್ನು ದಿನಾ ತಿಕ್ಕಿದೆ. ನೋಡಿರಲಿಲ್ಲ.

ಆ ಪಿಡಿಎಫ್ ಮತ್ತೆ ತೆಗೆದೆ. ಪುಟ ಮೂವತ್ತೊಂದು. ಸೇನೆಯ ಡಾಕ್ಟರರೇ ತುಂಬಿದ ಫಾರಂ, ಮನುಷ್ಯನ ಎರಡು ಚಿತ್ರ. ಮುಂಭಾಗದ್ದು ಖಾಲಿ. ಹಿಂಭಾಗದ್ದರಲ್ಲಿ ಪೆನ್ನಿನಿಂದ ಗೀರಿದ್ದಾರೆ. ಅವರದ್ದೇ ಕಾಗದ! ಎಂಟು ವರ್ಷದಿಂದ ಫೈಲಿನಲ್ಲೇ ಇದೆ.

ಇವರು ಯಾರದೋ ಮೇಲೆ ಬಿದ್ದು ಮುಚ್ಚಿಕೊಂಡಿದ್ದಾರೆ.

೨೭ ನವೆಂಬರ್ — ಬೆಳಿಗ್ಗೆ ೬:೩೦

ಎಣ್ಣೆ ತಿಕ್ಕುತ್ತಲೇ ಕೇಳಿದೆ. "ನಿಮ್ಮ ಕೆಳಗ ಯಾರಿದ್ರು?"

ಬೆನ್ನು ಗಟ್ಟಿಯಾಯಿತು. ಎದ್ದು ಹೊರಗೆ ಹೋದರು. ಹತ್ತು ನಿಮಿಷ ಗೇಟಿನ ಹತ್ತಿರ ನಿಂತಿದ್ದು ತಿರುಗಿ ಬಂದು ಅದೇ ಮಣೆಯ ಮೇಲೆ ಕುಳಿತರು.

"ಚನ್ನವೀರ," ಅಂದರು.

"ಯಾವ ಚನ್ನವೀರ?"

"ಲಿಂಗಸುಗೂರಿನಾಂವ. ನನಗಿಂತ ಎರಡು ವರ್ಷ ಸೀನಿಯರ್. ಪೆಟ್ರೋಲು ಅವ ಸುರುವಿದ. ಕ್ಯಾನು ಕೈಯಾಗ ಇದ್ದಾಗಲೇ ಹೊತ್ತಿತು. ಉರಿ ಅವನ ಮುಖಕ್ಕ ಮುಟ್ಟೋದ್ರೊಳಗ ನಾ ಕೆಡವಿ ಮ್ಯಾಲ ಬಿದ್ದೆ. ಅಷ್ಟ."

"ಅಷ್ಟ ಅಂದ್ರ? ಹೆಬ್ಬೆಟ್ಟು ಒತ್ತಿದ್ದು ಯಾಕ?"

"ಅವಂಗ ಮೊದಲೇ ಮೂರು ಶಿಕ್ಷಾ ಆಗಿದ್ದುವು. ಸರ್ವಿಸ್ ಪುಸ್ತಕದಾಗ ಕೆಂಪು ಶಾಯಿಲೆ ಬರೀತಾರ. ನಾಕನೇದು ಬಿದ್ರ ಮನಿಗೆ ಕಳಸ್ತಾರ. ಪೆನ್ಶನ್ನಿಗೆ ಹದಿನಾಕ ತಿಂಗಳು ಕಡಿಮಿ ಇತ್ತು. ದವಾಖಾನಿಗೆ ಬಂದು ಕಾಲು ಹಿಡಕೊಂಡ. ನನ್ನ ಪುಸ್ತಕ ಸ್ವಚ್ಛ ಇತ್ತು. ಒಂದು ಕೆಂಪು ಗೆರಿ ಬಿದ್ರ ಏನಾಗ್ತೈತಿ ಅಂದ್ಕೊಂಡೆ."

ಏನಾಯಿತು ಅಂತ ನಾನು ಹೇಳಬೇಕಿತ್ತೇ? ಇವರು ಬ್ಯಾಂಕಿನ ಗಾರ್ಡ್ ಕೆಲಸಕ್ಕೆ ಹೋದಾಗ ಟ್ರಿಗರಿನ ಮೇಲೆ ಬೆರಳು ಮಡಚಲಿಲ್ಲ, ವಾಪಸ್ ಕಳಿಸಿದರು. ಈಗ ಹತ್ತಿ ಮಿಲ್ಲಿನ ಗೇಟಿನಲ್ಲಿ ಕೂತು ಲಾರಿ ನಂಬರು ಬರೆಯುತ್ತಾರೆ, ಎಡಗೈಲಿ.

"ಅವ್ರು ಈಗ ಎಲ್ಲಿದ್ದಾರ?"

"ಬ್ಯಾಂಕಿನ ಗಾರ್ಡು. ಲಿಂಗಸುಗೂರಿನಾಗ." ಆಮೇಲೆ ನನ್ನ ಮಣಿಕಟ್ಟು ಹಿಡಿದರು. "ದೀಪಾ, ಮಾತು ಕೊಟ್ಟೀನಿ. ಅವನ ಬಾಗಿಲಿಗೆ ನೀ ಹೋಗಬಾರದು."

ಬಾಗಿಲ ಹಿಂದೆ ಅತ್ತೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ. ಒಲೆಯ ಕಡೆ ಹೋದರು.

೧೪ ಡಿಸೆಂಬರ್

ಎರಡು ವಾರ ಬರೆಯಲಾಗಲಿಲ್ಲ. ಮನೆಯಲ್ಲಿ ಮಾತು ಕಡಿಮೆ. ಚಹಾ ಆಯಿತೇ, ಬಸ್ಸು ಸಿಕ್ಕಿತೇ... ಅಷ್ಟೇ.

ಮೇಡಂ ಮೂರು ಸಲ ಫೋನ್ ಮಾಡಿದರು. ಚಿತ್ರದ ಪುಟ ಒಳ್ಳೆಯ ಸಾಕ್ಷಿಯಂತೆ, ಅದೊಂದೇ ಸಾಲದಂತೆ. "ಕೆಳಗಿದ್ದವರು ಅಫಿಡವಿಟ್ ಕೊಡಬೇಕು. ಜನವರಿ ಹತ್ತರೊಳಗೆ. ಆದ್ರೆ ಒಂದು ವಿಷಯ ದೀಪಾ — ಇಬ್ಬರೂ ಸುಳ್ಳು ಹೇಳಿಕೆ ಕೊಟ್ಟಿದ್ವಿ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಆಮೇಲೆ ಏನು ಬೇಕಾದ್ರೂ ಆಗಬಹುದು. ಇಬ್ಬರಿಗೂ ಈಗ ಬರ್ತಿರೋ ಸರ್ವಿಸ್ ಪೆನ್ಶನ್ ಬಗ್ಗೆನೂ ನಾನು ಗ್ಯಾರಂಟಿ ಕೊಡಲ್ಲ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಬರುವ ಮಂಗಳವಾರ ಆಫ್ ಸಿಕ್ಕಿದೆ. ಮನೆಯಲ್ಲಿ ಡ್ಯೂಟಿ ಅಂತ ಹೇಳುತ್ತೇನೆ.

೧೭ ಡಿಸೆಂಬರ್, ಮಂಗಳವಾರ — ಮಧ್ಯಾಹ್ನ ೩:೧೫, ಲಿಂಗಸುಗೂರು ಬಸ್‌ಸ್ಟ್ಯಾಂಡ್

ಹೋದೆ.

ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರಲ್ ಬಂದೂಕು ಹಿಡಿದು ನಿಂತಿದ್ದರು. ಎತ್ತರ ಆಳು, ಹಣೆಗೆ ವಿಭೂತಿ, ಮೀಸೆ ಅರ್ಧ ಬೆಳ್ಳಗೆ. "ಫಾರಂ ಅಲ್ಲಿ ಸಿಗ್ತಾವ್ರಿ," ಅಂತ ಒಳಗೆ ಕೈ ತೋರಿದರು.

"ನಾ ಮಸ್ಕಿಯಿಂದ ಬಂದೀನ್ರಿ. ನಾಯಕ್ ಮಲ್ಲೇಶವ್ರ ಮನ್ಯಾಕಿ."

ಮುಖದ ರಕ್ತ ಇಳಿದು ಹೋಯಿತು. ಅದನ್ನು ದಿನಾ ನೋಡುವವಳು ನಾನು, ಗುರುತು ಸಿಗುತ್ತದೆ. ಊಟದ ಹೊತ್ತಿನವರೆಗೆ ಕಾಯಲು ಹೇಳಿದರು. ಕಾದೆ. ಎದುರಿನ ಚಹಾದಂಗಡಿಯ ಬೆಂಚಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು.

"ಅವ ಕಳಿಸ್ಯಾನೇನ್ರಿ?"

"ಇಲ್ಲ. ಅವ್ರಿಗೆ ಗೊತ್ತಿಲ್ಲ."

"ಅವ ಕಳಸಂಗಿಲ್ಲ." ಲೋಟ ತಿರುಗಿಸಿದರು. "ಕೈ ಈಗ ಹೆಂಗೈತಿ?"

ಫೋಟೋ ತೋರಿಸಿದೆ. ಕೈಯದು ನೋಡಿದರು. ಬೆನ್ನಿನದು ಬಂದಾಗ ಮೊಬೈಲು ಮಗುಚಿ ಬೆಂಚಿನ ಮೇಲಿಟ್ಟರು.

"ಸಿಸ್ಟರ್, ನಮ್ಮ ಮನಿಯಾಕಿಗೂ ಈ ವಿಷಯ ಗೊತ್ತಿಲ್ಲ. ಬ್ಯಾಂಕಿನವ್ರಿಗೆ ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾರ. ನನ್ನ ಕೈಲೆ ಆಗಂಗಿಲ್ಲ."

"ಅವ್ರ ಕೈಲೆ ಆತಲ್ರೀ," ಅಂದೆ. ಧ್ವನಿ ಏರಿತು. ಚಹಾದವನು ತಿರುಗಿ ನೋಡಿದ.

ಅವರು ಎದ್ದರು. ಬಂದೂಕಿನ ಪಟ್ಟಿ ಹೆಗಲಿಗೆ ಸಿಕ್ಕಿಸಿಕೊಂಡು ರಸ್ತೆ ದಾಟಿದರು. ತಿರುಗಿ ನೋಡಲಿಲ್ಲ.

ಮಸ್ಕಿ ಬಸ್ಸು ಇನ್ನೂ ಇಲ್ಲ. ಮನೆಗೆ ಹೋಗಿ ಹೇಳಲೇ, ಬಿಡಲೇ.

೧೮ ಡಿಸೆಂಬರ್

ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವತ್ತು ಎಣ್ಣೆಗೆ ಕೂರಲಿಲ್ಲ. ಉದ್ದತೋಳಿನ ಅಂಗಿಯ ಗುಂಡಿ ಒಂದೇ ಕೈಯಲ್ಲಿ ಹಾಕಿಕೊಳ್ಳಲು ಹದಿನೈದು ನಿಮಿಷ ಒದ್ದಾಡಿದರು. ಸಹಾಯಕ್ಕೆ ಹೋದರೆ ಸರಿದರು.

ಅತ್ತೆಗೆ ತಡೆಯಲಾಗಲಿಲ್ಲ. "ಆಕಿ ಮ್ಯಾಲ ಯಾಕ ಸಿಟ್ಟು? ಪೆನ್ಶನ್ ಕೇಳಾಕ ಹೋದಾಗ ಸೈನಿಕರ ಆಫೀಸಿನಾಗ ಆ ಕ್ಲರ್ಕು ಕಾಗದ ನೋಡಿ ಏನಂದ? ತಾನಾಗಿ ಸುಟ್ಟುಗೊಂಡಾಂವ ಅಂದ. ನಾ ಅಲ್ಲೇ ನಿಂತಿದ್ದೆ. ನೀ ತಲಿ ಬಗ್ಗಿಸಿದಿ. ನಾಕು ಜನ ನನ್ನ ಮಗನ್ನ ನೋಡಿ ನಕ್ರು. ಮಾತು ಕೊಟ್ಟಾಂವ ನೀ. ನಾ ಯಾರಿಗೆ ಏನು ಕೊಟ್ಟಿದ್ನಪಾ?"

"ಯವ್ವಾ, ಸುಮ್ಮನಿರು."

"ಅವತ್ತಿಂದ ಸುಮ್ಮನ ಇದ್ನೆಲ್ಲೋ!"

ತಾಯಿ, ಮಗ ಇಬ್ಬರೂ ಊಟ ಮಾಡಲಿಲ್ಲ. ನಾನು ಮಾಡಿದೆ. ಡ್ಯೂಟಿ ಇತ್ತು.

೨೯ ಡಿಸೆಂಬರ್

ಜನವರಿ ಹತ್ತಕ್ಕೆ ಇನ್ನು ಹನ್ನೆರಡು ದಿನ. ಎಣ್ಣೆ ಇಲ್ಲದೆ ಚರ್ಮ ಬಿರಿಯುತ್ತಿದೆ. ಕುತ್ತಿಗೆ ತಿರುಗಿಸುವಾಗ ಇಡೀ ಮೈ ತಿರುಗಿಸುತ್ತಾರೆ. ನೋಡಿಯೂ ನೋಡದ ಹಾಗೆ ಇದ್ದೇನೆ. ನನಗೂ ಹಟ.

೫ ಜನವರಿ ೨೦೨೫, ಭಾನುವಾರ — ಸಂಜೆ ೫

ಬಂದರು. ಚನ್ನವೀರ. ಫೋನಿಲ್ಲ, ಏನಿಲ್ಲ. ಹನ್ನೊಂದರ ಬಸ್ಸಿಗೆ ಇಳಿದು, ಓಣಿಯಲ್ಲಿ ಮನೆ ಕೇಳಿಕೊಂಡು ಬಂದು ಗೇಟಿನಲ್ಲಿ ನಿಂತರು.

ಇವರು ಕಟ್ಟೆಯ ಮೇಲಿದ್ದರು. ಎದ್ದರು. ಇಬ್ಬರೂ ಅಟೆನ್ಷನ್ ನಿಂತ ಹಾಗೆ ನಿಂತರು. ಆರು ವರ್ಷದ ಮೇಲೆ ನೋಡುತ್ತಿರುವುದಂತೆ. ಎರಡು ಊರುಗಳ ನಡುವೆ ಇರುವುದು ಮೂವತ್ತು ಕಿಲೋಮೀಟರ್ ದಾರಿ.

ಅತ್ತೆ ನೀರಿನ ತಂಬಿಗೆ ಹಿಡಿದು ಬಂದವರು ಅರ್ಧಕ್ಕೆ ನಿಂತರು. ಅವರ ಹಣೆಯ ವಿಭೂತಿ ನೋಡಿ. "ನಮ್ಮನಿ ನೀರು ನಡೀತೈತೇನ್ರೀ?"

"ಒಂದ ಮಗ್ಗಿನಾಗ ರಮ್ಮು ಕುಡದೀವಿ ಯವ್ವಾ. ತರ್ರಿ." ಗಟಗಟ ಕುಡಿದರು. ಅತ್ತೆಗೆ ಯಾವ ಮುಖ ಮಾಡಬೇಕೋ ತಿಳಿಯಲಿಲ್ಲ.

ಆಮೇಲೆ ಇವರು ಅಂದರು — "ಬ್ಯಾಡ ಚನ್ನ. ಆಕಿ ಬಂದದ್ದು ತಪ್ಪಾತು."

"ನೀ ಸುಮ್ಮನಿರಲೇ. ಆ ಫೋಟೋ ನೋಡಿದಾಗಿಂದ ನಿದ್ದಿ ಇಲ್ಲ. ಬ್ಯಾಂಕಿನಾಗ ಬಂದೂಕು ಹಿಡದು ನಿಂತ್ರ ನಿನ್ನ ಬೆರಳು ಕಾಣ್ತಾವ. ಕಾಗದ ಬರಿಸ್ತೀನಿ."

"ನಿನ್ನ ನೌಕ್ರಿ?"

"ಹೋದ್ರ ಹೋಗಲಿ."

"ಮನ್ಯಾಗ ಶೈಲಜಾಗ ಹೇಳಿಯೇನು?"

"ಹೇಳೀನಿ. ನಾಕು ದಿನ ಆತು, ಮಾತಾಡಿಲ್ಲ. ನೀವು ಈ ಕಾಗದ ಕೊಟ್ರ ನಮ್ಮ ಮನಿ ಮುರೀತೈತಿ ಅಂದಾಳ."

ಇವರು ಕಟ್ಟೆಯ ಮೇಲೆ ಕೂತುಬಿಟ್ಟರು. ಸುಟ್ಟ ಕೈಯಿಂದಲೇ ಮುಖ ಒರೆಸಿಕೊಂಡರು. ಬೇಡ ಅಂತ ಮತ್ತೆ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ.

ನಾನು ಗೆದ್ದೆ ಅನ್ನಿಸಬೇಕಿತ್ತು.

೯ ಜನವರಿ

ಲಿಂಗಸುಗೂರು ಕೋರ್ಟಿನ ಹತ್ತಿರ ನೋಟರಿ. ಎರಡು ಪುಟ. ಚನ್ನವೀರಣ್ಣ ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಓದಿ ಸಹಿ ಹಾಕಿದರು. ಸ್ಕ್ಯಾನ್ ಮಾಡಿ ಮೇಡಂಗೆ ಕಳಿಸಿದೆ.

ಬಸ್ಸು ಹತ್ತುವಾಗ ಗೊತ್ತಿಲ್ಲದ ನಂಬರಿನಿಂದ ಫೋನು. ಹೆಣ್ಣು ಧ್ವನಿ.

"ನೀವು ದೀಪಾ ಏನು? ನಾ ಶೈಲಜಾ. ಚಹಾದಂಗಡಿಗೆ ಕರದು ನಮ್ಮ ಮನಿಯವ್ರ ತಲಿ ಕೆಡಿಸಿದ್ರಿ. ನಿಮ್ಮನಿಯವ್ರು ಬೇಕಂತ ಒತ್ತಿದ್ರಲ್ಲ ಹೆಬ್ಬೆಟ್ಟು? ಯಾರು ಕೈ ಹಿಡದು ಒತ್ತಿಸಿದ್ರು? ನಾಳೆ ನಮಗ ಏನಾರ ಆತಂದ್ರ ನಿಮ್ಮ ಬಾಗಿಲಿಗೇ ಬರ್ತೀನಿ, ನೆನಪಿಟ್ಗೋರಿ."

ಇಟ್ಟರು. ಆ ನಂಬರನ್ನು ಶೈಲಜಾ ಅಂತ ಸೇವ್ ಮಾಡಿಕೊಂಡೆ.

೨೨ ಜನವರಿ, ಬುಧವಾರ — ಬೆಂಗಳೂರು, ಸೇನಾ ಟ್ರಿಬ್ಯೂನಲ್ಲಿನ ವರಾಂಡ, ಮಧ್ಯಾಹ್ನ ೧:೫೦

ಮುಗಿಯಿತು. ಇಪ್ಪತ್ತು ನಿಮಿಷ.

ಮೇಡಂ ಚಿತ್ರದ ಪುಟ ಮುಂದಿಟ್ಟರು. ಮುಂಭಾಗ ಖಾಲಿ, ಹಿಂಭಾಗ ಗೀರು — ಸುರಿದವನಿಗೆ ಹೀಗೆ ಸುಡುತ್ತದೆಯೇ? ಎದುರಿನ ವಕೀಲರು ಎದ್ದು, ಇವರಿಬ್ಬರೂ ಸುಳ್ಳುಗಾರರು, ಅಂದು ಒಂದು ಮಾತು ಇಂದು ಇನ್ನೊಂದು, ಕ್ರಮ ಕೈಗೊಳ್ಳುವ ಹಕ್ಕು ನಮಗಿದೆ ಅಂದರು. ಕ್ರಮ ಅನ್ನುವ ಪದಕ್ಕೆ ಚನ್ನವೀರಣ್ಣ ಅರ್ಧ ಎದ್ದರು. ಇವರು ಮೊಣಕಾಲ ಮೇಲೆ ಕೈಯಿಟ್ಟು ಕೂರಿಸಿದರು.

ಪೀಠದಲ್ಲಿದ್ದವರಲ್ಲಿ ವಯಸ್ಸಾದವರು, ಸೇನೆಯಲ್ಲಿದ್ದು ಬಂದವರಂತೆ, ಇವರನ್ನೇ ಎಬ್ಬಿಸಿ ಹಿಂದಿಯಲ್ಲಿ ಕೇಳಿದರು. ಎರಡರಲ್ಲಿ ಸುಳ್ಳು ಯಾವುದು?

"ಅವತ್ತಿನದು ಸಾಬ್."

"ಯಾಕೆ ಹೇಳಿದೆ?"

"ಅವನಿಗೆ ಹದಿನಾಲ್ಕು ತಿಂಗಳು ಉಳಿದಿತ್ತು ಸಾಬ್."

"ನಿನ್ನ ಹೆಂಡತಿಗೆ ಗೊತ್ತಿತ್ತೇ?"

ಇವರು ತಿರುಗಿ ನನ್ನ ಕಡೆ ನೋಡಿದರು. ಇಡೀ ಮೈ ತಿರುಗಿಸಿ. "ಆಕೆಯೇ ಕಂಡುಹಿಡಿದದ್ದು ಸಾಬ್."

ಆರ್ಡರ್ ಕಾಯ್ದಿರಿಸಿದ್ದಾರೆ. ಇಬ್ಬರೂ ಕೆಳಗೆ ಕ್ಯಾಂಟೀನಿನಲ್ಲಿದ್ದಾರೆ. ನನಗೆ ಹೊಟ್ಟೆ ಹಸಿವಿಲ್ಲ.

೧೧ ಫೆಬ್ರವರಿ

ಚನ್ನವೀರಣ್ಣನೇ ಮ್ಯಾನೇಜರಿಗೆ ವಿಷಯ ಹೇಳಿದರಂತೆ, ಬೇರೆಯವರಿಂದ ಗೊತ್ತಾಗುವುದು ಬೇಡ ಅಂತ. ಗಾರ್ಡುಗಳನ್ನು ಕಳಿಸುವ ಏಜೆನ್ಸಿಯವರು ಬಂದೂಕು ವಾಪಸ್ ತೆಗೆದುಕೊಂಡು, ತೀರ್ಪು ಬರುವವರೆಗೆ ಮನೆಯಲ್ಲಿರು ಅಂದಿದ್ದಾರೆ. ಇವರು ಸುದ್ದಿ ಕೇಳಿ ಮಿಲ್ಲಿಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದಾರೆ.

ಶೈಲಜಾ ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ.

೧೧ ಮಾರ್ಚ್, ಮಂಗಳವಾರ — ಬೆಳಿಗ್ಗೆ ೧೧:೨೦, ಆಸ್ಪತ್ರೆ

ಆರ್ಡರ್ ಬಂತು. ಅರ್ಜಿ ಒಪ್ಪಿದ್ದಾರೆ. ಹಳೆಯ ಮೂರೂ ನಿರಾಕರಣೆ ರದ್ದು. ಗಾಯ ಸೇವೆಯ ಕಾರಣದಿಂದಲೇ ಆದದ್ದು, ಮೂವತ್ತು ಪರ್ಸೆಂಟ್, ಅಂಗವೈಕಲ್ಯ ಪೆನ್ಶನ್ ಕೊಡತಕ್ಕದ್ದು. ಸುಳ್ಳು ಹೇಳಿಕೆಗೆ ಇಬ್ಬರಿಗೂ ಎಚ್ಚರಿಕೆ, ಒಂದೇ ಪ್ಯಾರಾ. ಚನ್ನವೀರಣ್ಣನ ಪೆನ್ಶನ್ ಮುಟ್ಟಬಾರದು ಅಂತಲೂ ಬರೆದಿದ್ದಾರೆ. ಮೇಡಂ ಫೋನಿನಲ್ಲಿ ಅಳುತ್ತಿದ್ದರು. ನಾನು "ಹ್ಞೂಂ, ಹ್ಞೂಂ" ಅನ್ನುತ್ತಿದ್ದೆ. ಇನ್ನೊಂದು ಕೈಯಲ್ಲಿ ಸಲೈನ್ ಬಾಟಲಿ.

ಚನ್ನವೀರಣ್ಣನ ಬ್ಯಾಂಕಿನ ಕೆಲಸ ಮಾತ್ರ ಹೋಯಿತು. ಆ ಜಾಗಕ್ಕೆ ಕಳೆದ ವಾರವೇ ಬೇರೆಯವರು ಬಂದರಂತೆ.

ಇವರಿಗೆ ಫೋನ್ ಮಾಡಿ ಹೇಳಿದಾಗ ಮೊದಲು ಕೇಳಿದ್ದು — "ಚನ್ನಂದು?" ಹೇಳಿದೆ. ಲಾರಿಯ ಹಾರ್ನ್ ಮಾತ್ರ ಕೇಳಿಸುತ್ತಿತ್ತು.

೧೬ ಮಾರ್ಚ್, ಭಾನುವಾರ — ಮಧ್ಯಾಹ್ನ ೨

ಬಂದರು. ಅಂದ ಹಾಗೆಯೇ ಬಾಗಿಲಿಗೇ ಬಂದರು. ಶೈಲಜಾ. ಚನ್ನವೀರಣ್ಣ ಹಿಂದೆ, ತಪ್ಪು ಮಾಡಿದವರ ಹಾಗೆ. ನಲವತ್ತರ ಹೆಂಗಸು, ಸಣ್ಣ ಆಳು, ಬಿಸಿಲಿಗೆ ಮುಖ ಕೆಂಪು. ಹೊಸ್ತಿಲ ಹೊರಗೇ ನಿಂತರು. ಅತ್ತೆ ಚಾಪೆ ಹಾಸಿದರು. ಕೂರಲಿಲ್ಲ. ನೀರು ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಜಗಳಕ್ಕ ಬಂದಿಲ್ಲ," ಅಂದರು. ಧ್ವನಿ ಜಗಳದ್ದೇ. "ಏಳು ವರ್ಷ ಆ ಪೆನ್ಶನ್ನಿನಾಗ ಉಂಡೀನಿ. ಸೀರಿ ಉಟ್ಟೀನಿ. ಮನಿ ಕಟ್ಟಿಸೀವಿ. ಯಾತರ ಮ್ಯಾಲ ಉಂಡೀನಿ ಅಂತ ಗೊತ್ತಾಗಬೇಕು. ತೋರಸ್ರಿ."

ಚನ್ನವೀರಣ್ಣ "ಶೈಲಾ..." ಅಂದರು. ಆಕೆ ಕೇಳಿಸಿಕೊಳ್ಳಲಿಲ್ಲ.

ಇವರು ನನ್ನ ಕಡೆ ನೋಡಿದರು. ನನ್ನ ಮುಂದೆ, ಮೆಡಿಕಲ್ ಬೋರ್ಡಿನ ಡಾಕ್ಟರುಗಳ ಮುಂದೆ ಬಿಟ್ಟು ಯಾರ ಮುಂದೆಯೂ ತೆಗೆಯದ ಅಂಗಿ. ಎಡಗೈಯಲ್ಲಿ ಗುಂಡಿ ಬಿಚ್ಚಿದರು. ನಿಧಾನ. ನಾನು ಸಹಾಯಕ್ಕೆ ಹೋಗಲಿಲ್ಲ. ಬೆನ್ನು ತಿರುಗಿಸಿ ಆ ಮಣೆಯ ಮೇಲೆ ಕೂತರು.

ಶೈಲಜಾ ಹೊಸ್ತಿಲು ದಾಟಿ ಒಳಗೆ ಬಂದರು. ಹಿಂದೆ ಮೊಣಕಾಲೂರಿ ಕೂತರು. ಅಳುತ್ತಾರೇನೋ ಅಂದುಕೊಂಡೆ. ಇಲ್ಲ. ಅಂಗೈ ಚಾಚಿದರು, ಮುಟ್ಟಲಿಲ್ಲ, ಕಲೆಗೆ ಒಂದು ಬೆರಳಷ್ಟು ದೂರದಲ್ಲಿ ಹಿಡಿದುಕೊಂಡಿದ್ದರು. ಕಾವು ಇದೆಯೇನೋ ಅನ್ನುವ ಹಾಗೆ.

"ಅಣ್ಣಾರ," ಅಂದರು. "ಭಾಳ ಉರೀತೇನ್ರಿ?"

ಎಂಟು ವರ್ಷ. ತೊಳೆದೆ, ತಿಕ್ಕಿದೆ, ಟೇಪು ಹಿಡಿದೆ, ಫೋಟೋ ತೆಗೆದೆ, ಕೋರ್ಟಿನವರೆಗೆ ಹೊತ್ತುಕೊಂಡು ಹೋದೆ. ಇದೊಂದು ಮಾತು ನಾನು ಕೇಳಿರಲಿಲ್ಲ.

"ಹೂಂ ತಂಗಿ," ಅಂದರು ಇವರು, ಗೋಡೆಯ ಕಡೆ ಮುಖ ಮಾಡಿಕೊಂಡು. "ಭಾಳ."

ಆಮೇಲೆ ಹೇಳತೊಡಗಿದರು. ಕೇಳದೆಯೇ. ಅತ್ತೆ ಒಲೆ ಬಿಟ್ಟು ಬಂದು ಗೋಡೆಗೆ ಒರಗಿದರು. ಮೊದಲು ಸಪ್ಪಳ ಬಂತಂತೆ. ಬಟ್ಟೆ ಹರಿದ ಹಾಗೆ. ಆಮೇಲೆ ಬೆಳಕು. ಚನ್ನ ಅವ್ವಾ ಅಂತ ಕೂಗಿದ್ದು ಕೇಳಿಸಿತಂತೆ. ಆಮೇಲೆ ಬೆನ್ನು ಮೊದಲು ತಣ್ಣಗಾಯಿತಂತೆ — ಹಿಮ ಸುರಿದ ಹಾಗೆ ತಣ್ಣಗೆ, ಬದುಕಿದೆ ಅಂದುಕೊಂಡರಂತೆ, ಆಮೇಲೆ ಉರಿ ಶುರುವಾಯಿತಂತೆ. ಇನ್ನೂ ಹೇಳುತ್ತಿದ್ದಾರೆ, ಪೆನ್ನು ಕೆಳಗಿಟ್ಟು ಕೇಳುತ್ತೇನೆ.